ಮೇಷ್ಟ್ರು ಕೊಟ್ಟ ಎರಡೂವರೆ ವರ್ಷ

ಪಾಸ್‌ಪೋರ್ಟಿನ ಪ್ರಕಾರ ರಂಗನಿಗೆ ಮೂವತ್ತೈದು ತುಂಬಿ ಐದು ತಿಂಗಳಾಗಿತ್ತು. ಹೆತ್ತ ತಾಯಿ ರಾಮಮ್ಮನ ಪ್ರಕಾರ ಮೂವತ್ತಮೂರು ತುಂಬಲು ಇನ್ನೂ ಒಂದು ತಿಂಗಳು ಬಾಕಿ ಇತ್ತು. ಫುಟ್‌ಬಾಲ್ ಆಡಿಸುವವರು ಹೆತ್ತವಳನ್ನು ಕೇಳಿಕೊಂಡು ಆಡಿಸುವುದಿಲ್ಲವಲ್ಲ, ಪಾಸ್‌ಪೋರ್ಟು ನೋಡಿ ಆಡಿಸುತ್ತಾರೆ. ಅದಕ್ಕೇ ಕಾರ್ತಿಕದ ಆ ಸೋಮವಾರ ಬೆಳಿಗ್ಗೆ ಅವನು ಹಲ್ಲು ಕಚ್ಚಿಕೊಂಡು ಜಾಲಿದೊಡ್ಡಿ ಶಾಲೆಯ ಮೆಟ್ಟಿಲು ಹತ್ತಿದ್ದು.

ಹಿಂದಿನ ದಿನ ಏಜೆಂಟು ಫೋನ್ ಮಾಡಿದ್ದ. ಏಜೆಂಟು ಮಂಗಳೂರಿನವನು, ಊರೂರಿನ ಕ್ಲಬ್ಬುಗಳಿಗೆ ಆಟಗಾರರನ್ನು ಹೊಂದಿಸಿಕೊಡುವವನು. ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ಒಂದು ಕ್ಲಬ್ಬಿಗೆ ಎಡಗಾಲಿನ ಡಿಫೆಂಡರ್ ಬೇಕಾಗಿದ್ದ. ರಂಗನ ಆಟದ ವಿಡಿಯೋ ನೋಡಿ ಅವರು ಒಪ್ಪಿದ್ದರು. ಎರಡು ಸೀಸನ್ನಿನ ಕರಾರು. ಆದರೆ ಮೂವತ್ತನಾಲ್ಕು ದಾಟಿದ ಹೊರದೇಶದವರನ್ನು ಅವರು ಸೇರಿಸಿಕೊಳ್ಳುವುದಿಲ್ಲವಂತೆ.

"ನಂಗೆ ಮೂವತ್ತೈದು ಆಗೇ ಇಲ್ಲ," ಅಂದಿದ್ದ ರಂಗ. "ಸ್ಕೂಲಲ್ಲಿ ಮೇಷ್ಟ್ರು ಜೂನ್ ಒಂದು ಅಂತ ಬರೆದವ್ರೆ. ನಮ್ಮೂರಲ್ಲಿ ಎಲ್ಲಾರೂ ಜೂನ್ ಒಂದಕ್ಕೇ ಉಟ್ಟಿರೋದು."

ಏಜೆಂಟು ನಕ್ಕಿದ್ದ. "ಹಾಗಾದ್ರೆ ಸರಿ ಮಾಡಿಸಿ ಕಳಿಸಿ ಮಾರಾಯ್ರೆ. ಶುಕ್ರವಾರದ ಒಳಗೆ ಒಂದು ಕಾಗದ ಬಂದ್ರೆ ಸಾಕು, ಪಾಸ್‌ಪೋರ್ಟು ಆಮೇಲೆ ನೋಡುವ. ಬರ್ಲಿಲ್ಲಾಂದ್ರೆ ಅವರು ನೇಪಾಳದ ಹುಡುಗನನ್ನು ತಗೊಳ್ತಾರೆ."

ಎರಡು ಸೀಸನ್ನು ಬೇರೆಯವರಿಗೆ ಏನೂ ಅಲ್ಲದೆ ಇರಬಹುದು. ರಂಗನಿಗೆ ಇನ್ನು ಉಳಿದದ್ದೇ ಅಷ್ಟು. ಹದಿನೇಳು ವರ್ಷ ಅವನು ಚೀಲ ಹೊತ್ತುಕೊಂಡು ತಿರುಗಿದ್ದ. ಗೋವಾದಲ್ಲಿ ಎರಡು ವರ್ಷ, ಕೋಲ್ಕತ್ತದಲ್ಲಿ ಮೂರು. ಆಮೇಲೆ ಮಾಲ್ಡೀವ್ಸಿನ ಮಾಲೆ; ಅಲ್ಲಿ ಅಭ್ಯಾಸದ ಬಯಲಿನಲ್ಲಿ ಜೋರಾಗಿ ಒದ್ದರೆ ಚೆಂಡು ಸಮುದ್ರಕ್ಕೆ ಬೀಳುತ್ತಿತ್ತು. ಕಠ್ಮಂಡುವಿನಲ್ಲಿ ಆರು ಜನಕ್ಕೆ ಒಂದು ಕೋಣೆ. ಥಿಂಪುವಿನಲ್ಲಿ ಮೊದಲ ವಾರ ಅರ್ಧ ಗಂಟೆ ಓಡಿದರೆ ಮೂಗಿನಲ್ಲಿ ರಕ್ತ. ಮಂಗೋಲಿಯಾದಲ್ಲಿ ಏಪ್ರಿಲ್ ಕಳೆದರೂ ಹಿಮ ಗುಡಿಸಿ ಗೆರೆ ಎಳೆಯಬೇಕಾಗಿತ್ತು. ಕಡೆಗೆ ಚಿತ್ತಗಾಂಗ್, ಅಲ್ಲಿ ಮಳೆ ಬಂದರೆ ಆಟ ಆಡಿದ್ದಕ್ಕಿಂತ ಕೆಸರು ತುಳಿದದ್ದೇ ಹೆಚ್ಚು. ಯಾವ ಊರಿನಲ್ಲೂ ಜನ ಎದ್ದು ನಿಂತು ಹೆಸರು ಕೂಗುವಂಥ ಆಟಗಾರ ಅವನಾಗಲಿಲ್ಲ. ಇವನು ಬೇಡ ಅನ್ನುವಂಥ ಕೆಟ್ಟ ಆಟವನ್ನೂ ಆಡಲಿಲ್ಲ. ಯಾರದೋ ಕಾಲು ಮುರಿದಾಗ ಕರೆಸಿಕೊಳ್ಳುತ್ತಿದ್ದರು, ಆ ಕಾಲು ಕೂಡಿಕೊಂಡ ಮೇಲೆ ಕಳಿಸಿಬಿಡುತ್ತಿದ್ದರು. ಬಾಲು ಒದೆಯುವವನಿಗೆ ಹೆಣ್ಣು ಕೊಡುವುದು ಹೇಗೆ ಅಂತ ನೆಂಟರೆಲ್ಲ ಕೈ ತೊಳೆದುಕೊಂಡಿದ್ದರು.

ಅವನು ಹಾಗೆ ಆಗಬೇಕಾದವನಲ್ಲ. ಎರಡು ಸಾವಿರದ ಆರನೇ ಇಸವಿಯಲ್ಲಿ ಮೈಸೂರಿನಲ್ಲಿ ಹದಿನಾರರೊಳಗಿನವರ ಆಯ್ಕೆ ನಡೆದಾಗ, ಮುನ್ನೂರು ಹುಡುಗರಲ್ಲಿ ಕೋಚು ಮೊದಲು ಬೆರಳು ತೋರಿಸಿದ್ದು ಅವನ ಕಡೆಗೆ. ವಯಸ್ಸು ತಿಳಿಯಲು ಮುಂಗೈ ಎಕ್ಸ್‌ರೇ ತೆಗೆದ ಡಾಕ್ಟರು ಇವನಿಗೆ ಹದಿನೈದು ದಾಟಿಲ್ಲ ಅಂದರು. ಕಾಗದ ನೋಡಿದ ಅಧಿಕಾರಿ ಹದಿನೇಳಾಗಿದೆ, ಆಚೆ ಹೋಗು ಅಂದ. ಅದೇ ಸಾಲಿನಲ್ಲಿ ಗಡ್ಡ ಬೋಳಿಸಿಕೊಂಡು ಬಂದ ಎಷ್ಟೋ ಜನ ಹದಿನೈದರ ಕಾಗದ ಹಿಡಿದು ಒಳಗೆ ಹೋದರು. ಅವರೆಲ್ಲ ವಯಸ್ಸು ಕದ್ದು ಆಡಿದರು, ಇವನು ವಯಸ್ಸು ಹೊತ್ತು ಆಡಿದ. ಒಳಗೆ ಹೋದವರಲ್ಲಿ ಇಬ್ಬರು ಮುಂದೆ ದೇಶದ ತಂಡ ಸೇರಿದರು. ಟೀವಿಯಲ್ಲಿ ಅವರ ಮುಖ ಕಂಡಾಗೆಲ್ಲ ರಂಗ ಎದ್ದು ಹೊರಗೆ ಹೋಗುತ್ತಿದ್ದ.

ಜಾಲಿದೊಡ್ಡಿ ಅನ್ನುವುದು ಹನೂರು ದಾಟಿ ಕೌದಳ್ಳಿ ದಾರಿಯಲ್ಲಿ ಎಡಕ್ಕೆ ತಿರುಗಿ ಒಳಗೆ ಹೋದರೆ ಸಿಗುವ ಅರವತ್ತು ಮನೆಯ ಊರು. ಶಾಲೆಯ ಈಗಿನ ಮುಖ್ಯ ಶಿಕ್ಷಕಿ ನಾಗಶ್ರೀ ಮೈಸೂರು ಕಡೆಯವರು. ಅವರು ಕಬ್ಬಿಣದ ಟ್ರಂಕಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದು, ಧೂಳು ಒರೆಸಿ, ಮೇಜಿನ ಮೇಲಿಟ್ಟು ಹುಡುಕಿದರು.

"ನಿಮ್ಮ ಹೆಸರು ಮಹದೇವಸ್ವಾಮಿ ಅಲ್ವಾ ಸರ್?"

"ಊರಲ್ಲಿ ರಂಗ ಅಂತಾರೆ. ಇಲ್ಲಿ ಮಹದೇವಸ್ವಾಮಿ."

ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆ ಕಡೆ ಎಲ್ಲರಿಗೂ ಮನೆಯಲ್ಲಿ ಕೂಗುವ ಹೆಸರೊಂದು, ಶಾಲೆಗೆ ಬರೆಸಿದ ಹೆಸರೊಂದು. ರಂಗನೂ ತನ್ನದು ಹಾಗೆಯೇ ಅಂದುಕೊಂಡು ಬೆಳೆದಿದ್ದ. ಆಡುವಾಗ ಬೆನ್ನ ಮೇಲೆ ಬರೆಸಿಕೊಂಡದ್ದು ಮಹದೇವ ಅಂತಲೇ.

"ಇಲ್ಲಿದೆ ನೋಡಿ. ಹದಿನಾಲ್ಕನೇ ನಂಬರು. ಮಹದೇವಸ್ವಾಮಿ, ತಂದೆ ದೊಡ್ಡಸಿದ್ದಯ್ಯ. ಹುಟ್ಟಿದ್ದು ಒಂದು ಆರು ಎಂಬತ್ತೊಂಬತ್ತು. ಶಾಲೆಗೆ ಸೇರಿದ್ದು ಒಂದು ಆರು ತೊಂಬತ್ತೈದು. ಮೊದಲ ವರ್ಷ ಒಂದನೇ ಕ್ಲಾಸಲ್ಲಿ ಫೇಲು." ಆಕೆ ನಕ್ಕರು. "ಒಂದನೇ ಕ್ಲಾಸಲ್ಲಿ ಯಾರು ಸರ್ ಫೇಲಾಗ್ತಾರೆ?"

ಊರೆಲ್ಲ ಅವನನ್ನು ಒಂದನೇ ಕ್ಲಾಸು ಫೇಲು ಅಂತ ಆಡಿಕೊಂಡು ನಕ್ಕಿದ್ದು ರಂಗನಿಗೆ ನೆನಪಿತ್ತು. ಅವನು ನಗಲಿಲ್ಲ. ಅವ್ವನ ಲೆಕ್ಕ ಹಿಡಿದರೆ ತೊಂಬತ್ತೈದರ ಜೂನಿನಲ್ಲಿ ಅವನಿಗೆ ಮೂರೂವರೆ ವರ್ಷ. ಮೂರೂವರೆ ವರ್ಷದ ಮಗುವನ್ನು ಯಾರು ಶಾಲೆಗೆ ಸೇರಿಸುತ್ತಾರೆ?

"ಗುರುತು ಚಿಹ್ನೆ, ಬಲ ಹುಬ್ಬಿನ ಮೇಲೆ ಗಾಯದ ಕಲೆ," ಅಂತ ಓದಿ ನಾಗಶ್ರೀ ತಲೆ ಎತ್ತಿದರು. ಅವನ ಮುಖವನ್ನು ಒಂದು ಗಳಿಗೆ ನೋಡಿದರು. "ಎಲ್ಲಿ ಸರ್ ಕಲೆ?"

ರಂಗನ ಮೈಮೇಲೆ ಕಲೆಗಳಿಗೆ ಬರವಿರಲಿಲ್ಲ. ಗದ್ದದ ಮೇಲೆ ಕೋಲ್ಕತ್ತದ ಮೂರು ಹೊಲಿಗೆ, ಮೊಣಕಾಲಿನ ಮೇಲೆ ಮಾಲೆಯ ಏಳು, ತಲೆಯಲ್ಲಿ ಮಂಗೋಲಿಯಾದವನೊಬ್ಬನ ಮೊಣಕೈ ಬಿದ್ದ ಗುರುತು. ಬಲ ಹುಬ್ಬು ಮಾತ್ರ ನುಣ್ಣಗಿತ್ತು. ಹುಬ್ಬಿನ ಮೇಲೆ ಕಲೆ ಇದ್ದದ್ದು ಯಾರಿಗೆ ಅಂತ ಅವನಿಗೆ ತಟ್ಟನೆ ಹೊಳೆಯಿತು. ಅವನಿಗೊಬ್ಬ ಅಣ್ಣ ಇದ್ದ. ಮಾದ ಅಂತ ಕರೆಯುತ್ತಿದ್ದರು. ನಡೆಯಲು ಕಲಿಯುವಾಗ ಒರಳುಕಲ್ಲಿನ ಮೇಲೆ ಬಿದ್ದು ಹುಬ್ಬು ಸೀಳಿಕೊಂಡಿದ್ದನಂತೆ. ಆರು ವರ್ಷಕ್ಕೆ ಜ್ವರ ಬಂದು ಹೋದನಂತೆ. ಅವ್ವ ಅವನ ಬಗ್ಗೆ ಹೇಳುತ್ತಿದ್ದದ್ದೇ ಅಷ್ಟು.

ಮನೆ ಶಾಲೆಯ ಎದುರಿಗೇ ಇತ್ತು. ರಾಮಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

"ಅವ್ವಾ, ನನ್ನ ಎಸ್ರು ಏನು?"

"ಇದ್ಯಾಕ್ಲಾ ಇಂಗ್ ಕೇಳೀಯೆ? ರಂಗ."

"ಇಸ್ಕೂಲಲ್ಲಿ ಇರೋದು?"

ಮೊರ ನಿಂತುಬಿಟ್ಟಿತು. ಅವಳು ಕಲ್ಲು ಆರಿಸುವವಳ ಹಾಗೆ ಹುರುಳಿಯನ್ನೇ ನೋಡಿದಳು.

"ಅದು ಮಾದನ ಎಸ್ರು," ಅಂದಳು.

ಇಪ್ಪತ್ತೊಂಬತ್ತು ವರ್ಷ ಬಾಯಿ ಬಿಡದವಳು ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಮಾದನನ್ನು ಜೂನಿನಲ್ಲಿ ಶಾಲೆಗೆ ಸೇರಿಸಿದ್ದರು. ಶ್ರಾವಣದಲ್ಲಿ ಜ್ವರ ಬಂತು. ಕೊಳ್ಳೇಗಾಲದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುವಾಗ ಮಡಿಲಲ್ಲೇ ತಣ್ಣಗಾದ. ಮಣ್ಣು ಮಾಡಿ ಹನ್ನೊಂದು ದಿನ ಆಗಿತ್ತು, ಪುಟ್ಟಮಾದಪ್ಪ ಮೇಷ್ಟ್ರು ಮನೆಗೆ ಬಂದರು.

"ಬಂದ್ರು, ಅತ್ರು. ಅವ್ರಿಗೂ ಸಂಕ್ಟ ಇತ್ತು, ಇಲ್ಲ ಅನ್ನಾಕಿಲ್ಲ. ಆಮೇಲೆ ಯೋಳುದ್ರು, ಮುವತ್ತೊಂದು ಮಕ್ಕ ಇದ್ರೆ ಇಬ್ರು ಮೇಷ್ಟ್ರಂತೆ, ಮುವತ್ತಾದ್ರೆ ಒಬ್ರೇ ಅಂತೆ. ಕಿರಿ ಮೇಷ್ಟ್ರು ನಾನು, ನನ್ನೇ ಬೆಟ್ಟದ ಮ್ಯಾಲಿನ ಇಸ್ಕೂಲ್ಗೆ ಹಾಕ್ತಾರೆ ಅಂದ್ರು. ಚಿಕ್ಕವುನ್ನ ಕಳ್ಸವ್ವ, ಕುಂತಿರ್ಲಿ, ಎಸ್ರು ಅಂಗೇ ಇರ್ಲಿ ಅಂದ್ರು."

"ನೀನು ಊ ಅಂದ್ಬುಟ್ಯಾ?"

"ಊ ಅಂದೆ."

"ಅಪ್ಪ?"

"ನಿಮ್ಮಪ್ಪಂಗೆ ಮಾತೇ ಇರ್ನಿಲ್ಲ ಆಗ."

ರಂಗ ಜಗಲಿಯ ಪಕ್ಕದಲ್ಲಿದ್ದ ನೀರಿನ ಬಕೀಟಿಗೆ ಎಡಗಾಲಿನಲ್ಲಿ ಒದ್ದ. ಅದು ಕೊಟ್ಟಿಗೆಯ ಗೋಡೆಗೆ ಬಡಿದು ಹೋಳಾಯಿತು. ಕಟ್ಟಿದ್ದ ಮೇಕೆ ಬೆದರಿ ಹಗ್ಗ ಜಗ್ಗಿತು. ರಾಮಮ್ಮ ಬೆದರಲಿಲ್ಲ.

"ಒದಿ. ನಿಂಗೆ ಬರಾದು ಅದೊಂದೇ."

"ನನ್ ಬದುಕು ತಿಂದ್ರಲ್ಲವ್ವ! ಯಾವನೋ ಮೇಷ್ಟ್ರು ಬೆಟ್ಟ ಅತ್ಬಾರ್ದು ಅಂತ ನನ್ನ ಸತ್ತೋನ ಜಾಗದಲ್ಲಿ ಕುಂಡ್ರಿಸ್ಬುಟ್ರಲ್ಲ! ಮೈಸೂರಲ್ಲಿ ಆಚೆಗೆ ಓಗು ಅಂದಾಗ ಬಂದು ನಿನ್ನ ಮುಂದೆ ಅತ್ನಲ್ಲ, ಆವಾಗಾದ್ರೂ ಯೋಳ್ಬಾರ್ದಾಗಿತ್ತಾ?"

"ಯೋಳಿದ್ರೆ ಆ ಎಸ್ರು ಒಡೆದಾಕೋರು," ಅಂದಳು ರಾಮಮ್ಮ. "ಇಲ್ಲೇ ಕುಂತ್ರೆ ಇಸ್ಕೂಲ್ ಆಜ್ರಿ ಕೇಳ್ತಿತ್ತು ಕಣ್ಲಾ. ದಿನಾ ಬೆಳಿಗ್ಗೆ ಮಾದೇವಸ್ವಾಮೀ ಅಂತ ಕೂಗೋರು. ಆಜ್ರು ಸಾ ಅಂತ ನೀನು ಕೂಗ್ತಿದ್ದೆ. ನಾನು ಪರ್ಕೆ ಇಡ್ಕಂಡು ಅಂಗೇ ನಿಂತ್ಕತಿದ್ದೆ. ನಂಗೆ ಅಷ್ಟು ಸಾಕಾಗಿತ್ತು. ಇನ್ನೇನೂ ಬ್ಯಾಡ್ವಾಗಿತ್ತು."

ರಂಗ ಒಡೆದ ಬಕೀಟಿನ ಹೋಳುಗಳನ್ನು ಆಯ್ದು ಗೋಡೆಯ ಪಕ್ಕಕ್ಕಿಟ್ಟ. ಕೋಪ ಮಾತ್ರ ಇಳಿಯಲಿಲ್ಲ.

"ನಾನು ಉಟ್ಟಿದ್ದು ಯಾವತ್ತು, ಅದ್ನಾದ್ರೂ ನೆಟ್ಟಗೆ ಯೋಳು."

"ಕಾವೇರಿ ಗಲಾಟೆ ಆಯ್ತಲ್ಲ, ಆ ವರ್ಸ. ಎಳಂದೂರಲ್ಲಿ, ನಮ್ಮವ್ವನ ಮನೇಲಿ. ಬಸ್ಸೆಲ್ಲ ನಿಂತೋಗಿ, ನಿಮ್ಮಪ್ಪ ನಿನ್ನ ಮಕ ನೋಡಾಕೆ ಕೊಳ್ಳೇಗಾಲದಿಂದ ನಡ್ಕಂಡು ಬಂದಿತ್ತು. ಬೆಟ್ಟದ ರಂಗಪ್ಪನ ಎಸ್ರು ಮಡುಗು ಅಂತ ನಮ್ಮವ್ವ ಅಂದ್ಳು. ನಿನ್ ಎಸ್ರು ರಂಗಸ್ವಾಮಿ. ಎಲ್ಲೂ ಬರ್ಸಿಲ್ಲ ಅಷ್ಟೇ."

ಮಂಗಳವಾರ ರಂಗ ಕೊಳ್ಳೇಗಾಲಕ್ಕೆ ಹೋಗಿ ಕೆಂಪನಂಜಪ್ಪ ಲಾಯರನ್ನು ಕಂಡ. ಲಾಯರು ಕಾಲೇಜಿನ ದಿನಗಳಲ್ಲಿ ಗೋಲ್‌ಕೀಪರ್ ಆಗಿದ್ದವರು, ಇವನ ಆಟ ಬಲ್ಲವರು. ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ದಾರಿ ಅವೆ ಕಣಪ್ಪ. ನಿಜದ ದಾರಿ ಒಂದು. ಮಹದೇವಸ್ವಾಮಿ ಸತ್ತೋದೋನು, ನಾನು ರಂಗಸ್ವಾಮಿ ಅಂತ ಕೋರ್ಟಿಗೆ ಹೋಗು. ನಿಧಾನ ಆದ್ರೂ ಗೆಲ್ತೀಯ. ಗೆದ್ದ ದಿನ ಫುಟ್‌ಬಾಲಿನೋರು ಕೇಳ್ತಾರೆ, ಅಷ್ಟು ವರ್ಷ ಸತ್ತೋನ ಹೆಸರಲ್ಲಿ ಆಡಿದ್ಯೇನಯ್ಯಾ ಅಂತ. ಅಲ್ಲಿಗೆ ನಿನ್ನ ಆಟ ಮುಗೀತು. ಆಡಿದ್ದೂ ನಿಂದಲ್ಲ ಅಂತಾರೆ."

"ಇನ್ನೊಂದು?"

"ಇನ್ನೊಂದನ್ನ ನಾನು ಹೇಳಿಲ್ಲ, ನೀನು ಕೇಳಿಲ್ಲ. ಮಹದೇವಸ್ವಾಮಿ ಇರೋ ಹಂಗೇ ಇರ್ಲಿ. ಎಂಬತ್ತೊಂಬತ್ತು ಅಂತ ಕೈತಪ್ಪಿನಿಂದ ಬರೆದೆ, ತೊಂಬತ್ತೊಂದು ಸರಿ, ಎಳೇ ಮಗೂನ ಸೇರಿಸ್ಕಂಡಿದ್ದೆ ಅಂತ ಮೇಷ್ಟ್ರು ಒಂದು ಸಹಿ ಹಾಕ್ಲಿ. ಶುಕ್ರವಾರಕ್ಕೆ ಅಷ್ಟು ಸಾಕು. ಆಡ್ಕಂಡು ಬಾ."

ರಂಗ ತುಂಬ ಹೊತ್ತು ಯೋಚಿಸಲಿಲ್ಲ. ಒಂದು ಸುಳ್ಳಿನ ಮೇಲೆ ಹದಿನೇಳು ವರ್ಷ ಓಡಿದವನಿಗೆ ಇನ್ನೊಂದು ಸುಳ್ಳಿನ ಮೇಲೆ ಎರಡು ವರ್ಷ ಓಡುವುದು ದೊಡ್ಡದಾಗಿ ಕಾಣಲಿಲ್ಲ. ಛಾಪಾ ಕಾಗದದ ಮೇಲೆ ಟೈಪು ಮಾಡಿಸಿಕೊಂಡು ಮನೆಗೆ ಬಂದ.

ಬುಧವಾರ ಬೆಳಿಗ್ಗೆ ಅವನು ಹೊರಟಾಗ ರಾಮಮ್ಮ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬತ್ತೀನಿ."

"ಯಾಕೆ?"

"ಆವತ್ತು ಊ ಅಂದೋಳು ನಾನು."

ಇಬ್ಬರೂ ಕೊಳ್ಳೇಗಾಲದ ಬಸ್ಸು ಹತ್ತಿದರು. ಶಾಗ್ಯದ ತಿರುವು ಬಂದಾಗ ರಾಮಮ್ಮ ಒಂದು ಸಲ ಕಿಟಕಿಯ ಆಚೆ ನೋಡಿ ಕಣ್ಣು ಮುಚ್ಚಿಕೊಂಡಳು. ಅಲ್ಲೇ ಎಲ್ಲೋ ಮಾದ ಮಡಿಲಲ್ಲಿ ತಣ್ಣಗಾಗಿದ್ದಿರಬೇಕು. ರಂಗ ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದ. ಮೊದಲು ಸಹಿ, ಆಮೇಲೆ ಬೈಗುಳ. ಅದು ತಲೆಕೆಳಗಾಗಬಾರದು ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಪುಟ್ಟಮಾದಪ್ಪ ಮೇಷ್ಟ್ರಿಗೆ ಎಪ್ಪತ್ತು ದಾಟಿತ್ತು. ಕೊಳ್ಳೇಗಾಲದಲ್ಲಿ ಸ್ವಂತ ಮನೆ, ಮುಂದೆ ಪಡಸಾಲೆ, ಪಡಸಾಲೆಯಲ್ಲಿ ಬೆತ್ತದ ಕುರ್ಚಿ. ರಂಗನಿಗೆ ಚೆಂಡು ಮೊದಲು ತೋರಿಸಿದವರು ಅವರೇ. ಕೊಳ್ಳೇಗಾಲದಿಂದ ಹಳೆಯ ಚರ್ಮದ ಚೆಂಡೊಂದನ್ನು ತಂದು, ಕೊಯ್ಲಾದ ರಾಗಿ ಹೊಲದಲ್ಲಿ ಹುಡುಗರನ್ನು ಬಿಟ್ಟು, ಇವನ ಎಡಗಾಲನ್ನು ಗುರುತು ಹಿಡಿದವರು ಅವರು. ಅದಕ್ಕೇ ರಂಗ ಊರಿಗೆ ಬಂದಾಗೆಲ್ಲ ಅವರ ಮನೆಗೆ ಹೋಗಿ ಕಾಲು ಮುಟ್ಟಿ ಬರುತ್ತಿದ್ದ. ಬರಿಗೈಯಲ್ಲಿ ಹೋದವನಲ್ಲ. ಗಾಜಿನ ಬೀರುವಿನಲ್ಲಿ ಮಾಲ್ಡೀವ್ಸಿನ ಮರದ ದೋಣಿ, ಭೂತಾನಿನ ಮುಖವಾಡ, ಮಂಗೋಲಿಯಾದ ತುಪ್ಪಳದ ಟೋಪಿ ಎಲ್ಲವೂ ಸಾಲಾಗಿದ್ದವು. ಪಕ್ಕದಲ್ಲಿ ಪೇಪರಿನ ತುಂಡುಗಳನ್ನು ಅಂಟಿಸಿದ ದಪ್ಪ ನೋಟ್‌ಬುಕ್ಕು.

"ಬಾರ್ಲಾ ಮಾದೇವ! ಓ, ಅವ್ವನೂ ಬಂದವ್ಳೆ! ಕುಂತ್ಕೊ ರಾಮಮ್ಮ. ಲೇ ಪುಷ್ಪ, ಕಾಪಿ ಇಡವ್ವ," ಅಂತ ಒಳಗಿದ್ದ ಸೊಸೆಯನ್ನು ಕೂಗಿದರು.

ರಂಗ ಕಾಲು ಮುಟ್ಟಲಿಲ್ಲ. ಮೇಷ್ಟ್ರು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಅವನು ಛಾಪಾ ಕಾಗದವನ್ನು ಅವರ ಕೈಗೆ ಕೊಟ್ಟು ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ರಿಜಿಸ್ಟರು ನೋಡಿದೆ ಸಾ. ಎಲ್ಲ ಗೊತ್ತಾಯಿತು. ಇದಕ್ಕೆ ಸಹಿ ಬೇಕು.

ಮೇಷ್ಟ್ರು ಹೆದರಬಹುದು, ತಲೆ ತಗ್ಗಿಸಬಹುದು, ಇಲ್ಲವೇ ನಾನಲ್ಲ ಅನ್ನಬಹುದು ಅಂತ ರಂಗ ಎಣಿಸಿದ್ದ. ಮೂರೂ ಆಗಲಿಲ್ಲ. ಮೊದಲ ನಾಲ್ಕು ಸಾಲು ಓದಿ ಅವರು ಜೇಬಿನಿಂದ ಪೆನ್ನು ತೆಗೆದರು.

"ಇಷ್ಟೇನಾ? ಫೋನ್ ಮಾಡಿದ್ರೆ ನಾನೇ ಲಾಯ್ರ ಹತ್ರ ಬತ್ತಿದ್ನಲ್ಲೋ. ಎಷ್ಟು ಮಕ್ಕಳಿಗೆ ಇಂಥದ್ದು ಬರ್ಕೊಟ್ಟಿಲ್ಲ ನಾನು!" ರಾಮಮ್ಮನ ಕಡೆ ತಿರುಗಿ ನಕ್ಕರು. "ನೋಡವ್ವ, ಆವತ್ತು ನಾನು ಅಂಗೆ ಮಾಡ್ದೆ ಇದ್ದಿದ್ರೆ ಇವ್ನು ಇವತ್ತು ಮೇಕೆ ಕಾಯ್ಕಂಡಿರ್ತಿದ್ದ. ಸ್ಕೂಲೂ ಉಳೀತು, ಇವ್ನೂ ಉದ್ಧಾರ ಆದ. ದೇಶ ದೇಶ ಸುತ್ತಿದ."

ಮೊದಲು ಸಹಿ, ಆಮೇಲೆ ಬೈಗುಳ. ರಂಗ ತೊಡೆಯ ಮೇಲೆ ಮುಷ್ಟಿ ಬಿಗಿದುಕೊಂಡು ಕೂತ.

"ಸಾ," ಅಂದಳು ರಾಮಮ್ಮ. ಕುರ್ಚಿ ಇದ್ದರೂ ಅವಳು ಕಂಬಕ್ಕೆ ಒರಗಿ ನೆಲದ ಮೇಲೇ ಕೂತಿದ್ದಳು. "ಒಂದ್ ಕೇಳ್ತೀನಿ. ಈ ಕಾಗ್ದ ಆದ್ಮ್ಯಾಲೆ ನಮ್ ಮಾದ ಯಾವಾಗ ಉಟ್ಟಿದ್ದು ಅಂತ ಆಯ್ತದೆ?"

"ಯಾವ ಮಾದ?" ಅಂದರು ಮೇಷ್ಟ್ರು.

ಒಳಗೆ ಲೋಟ ಸದ್ದಾಯಿತು. ರಾಮಮ್ಮ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡರು.

"ಓ, ಆ ಮಗೀನಾ? ಜ್ವರ ಬಂದಿತ್ತಲ್ಲ, ಅದಾ?" ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, ಅದೇ ರಂಗನಿಗೆ ತಡೆಯಲಾಗಲಿಲ್ಲ. "ಅವ್ನು ಯಾವ ಕಾಗ್ದದಲ್ಲೂ ಇರಾಕಿಲ್ಲ ಬುಡವ್ವ. ಹುಟ್ಟಿದ್ದೂ ಇಲ್ಲ, ಸತ್ತಿದ್ದೂ ಇಲ್ಲ. ಅದ್ರಿಂದ ಯಾರ್ಗೂ ತೊಂದ್ರೆ ಇಲ್ಲ."

ರಾಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಆಗ್ಲಿ ಸಾ," ಅಂದಳು. "ಸಹಿ ಆಕಿ. ಇವ್ನು ಓಗಿ ಆಡ್ಲಿ."

ಮೇಷ್ಟ್ರು ಕಾಗದವನ್ನು ಕುರ್ಚಿಯ ಕೈಯ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದರು. ಅವರ ಹೆಸರಿನ ಮೊದಲ ಅಕ್ಷರ ಬೀಳುವ ಮೊದಲು ರಂಗ ಎದ್ದು ಕಾಗದದ ಮೇಲೆ ಅಂಗೈ ಊರಿದ. ಅವನ ಎಣಿಕೆ ತಲೆಕೆಳಗಾಗಿತ್ತು. ಸಹಿ ಇನ್ನೂ ಬಿದ್ದಿರಲಿಲ್ಲ, ಬೈಗುಳ ಬಂದುಬಿಟ್ಟಿತ್ತು.

"ಯಾವ ಮಾದ ಅಂತೀರಲ್ಲಾ ಸಾ! ವರ್ಸಗಟ್ಲೆ ಅವ್ನೆಸ್ರು ಕೂಗಿ ಕೂಗಿ ಸಂಬ್ಳ ತಿಂದವ್ರು ನೀವು! ಅವ್ನು ಸತ್ತು ಹನ್ನೊಂದು ದಿನಕ್ಕೆ ಬಂದು ಅವ್ನ ಜಾಗಕ್ಕೆ ನನ್ನ ಎತ್ಕಂಡು ಓದ್ರಿ. ಮಾತು ಸರಿಯಾಗಿ ಬಾರ್ದಿದ್ದ ಮಗಾನ ಕುಂಡ್ರಿಸಿ ಫೇಲ್ ಮಾಡಿದ್ರಿ. ನಾನು ವರ್ಸ ವರ್ಸ ಬಂದು ನಿಮ್ಮ ಕಾಲಿಗೆ ಬಿದ್ದೆ. ಆ ಬೀರು ತುಂಬ್ಸಿದೆ. ನೀವು ಅವ್ನ ಎಸ್ರನ್ನೇ ಮರ್ತ್ಬುಟ್ಟು ಕುಂತಿದ್ದೀರಿ!"

"ಏಯ್, ದನಿ ತಗ್ಸು ಮಾದೇವ—"

"ನಾನು ಮಾದೇವ ಅಲ್ಲ!"

ಕಾಫಿ ತಂದ ಪುಷ್ಪ ಬಾಗಿಲಲ್ಲೇ ನಿಂತುಬಿಟ್ಟಳು.

"ಆಜ್ರಿ ಕೂಗಿ ಸಾ," ಅಂದ ರಂಗ.

"ಏನು?"

"ಆಜ್ರಿ. ದಿನಾ ಕೂಗ್ತಿದ್ರಲ್ಲ, ಅಂಗೇ. ಒಂದೇ ಒಂದು ಎಸ್ರು ಕೂಗಿ. ನಮ್ಮವ್ವ ಕೇಳ್ಲಿ."

ಮೇಷ್ಟ್ರು ನಗಲು ನೋಡಿದರು. ಅವನ ಮುಖ ನೋಡಿ ನಗು ಬರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿ ಮಾಡಿಕೊಂಡು ಕೂಗಿದರು. ದನಿ ಮುದಿಯಾಗಿತ್ತು, ರಾಗ ಅದೇ ಹಳೆಯದು.

"ಮಹದೇವಸ್ವಾಮೀ."

ರಂಗನ ನಾಲಿಗೆ ತಾನಾಗಿಯೇ ಮೇಲೆದ್ದಿತು. ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ಐದಾರು ದೇಶದ ಬಯಲುಗಳಲ್ಲಿ ಆ ಹೆಸರಿಗೆ ಓಗೊಟ್ಟ ನಾಲಿಗೆ ಅದು. ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ರಸ್ತೆಯಲ್ಲಿ ಒಂದು ಆಟೋ ಹೋಯಿತು. ಯಾರೂ ಓಗೊಡಲಿಲ್ಲ.

"ಮಹದೇವಸ್ವಾಮಿ," ಅಂದರು ಮೇಷ್ಟ್ರು ಎರಡನೇ ಸಲ, ಇನ್ನೂ ಮೆಲ್ಲಗೆ.

"ಬಂದಿಲ್ಲ ಸಾ," ಅಂದಳು ರಾಮಮ್ಮ.

ಕಂಬ ಹಿಡಿದುಕೊಂಡು ಅವಳು ಎದ್ದು ನಿಂತಿದ್ದಳು. ಕಣ್ಣು ಒಣಗಿತ್ತು.

"ಅವ್ನು ಬರಾಕಿಲ್ಲ ಸಾ. ಸತ್ತೋದ."

ರಂಗ ಛಾಪಾ ಕಾಗದವನ್ನು ತೆಗೆದು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಹರಿದ. ಬೀರುವಿನಿಂದ ದಪ್ಪ ನೋಟ್‌ಬುಕ್ಕು ತೆಗೆದು, ಕಡೆಯ ಖಾಲಿ ಹಾಳೆ ಬಿಡಿಸಿ, ಮೇಷ್ಟ್ರ ತೊಡೆಯ ಮೇಲಿಟ್ಟ.

"ಈಗ ಬರೀರಿ. ತೊಂಬತ್ತೈದರ ಶ್ರಾವಣದಲ್ಲಿ ಮಹದೇವಸ್ವಾಮಿ ತೀರ್ಕೊಂಡ. ಅವ್ನ ಎಸ್ರಲ್ಲಿ ಅವ್ನ ತಮ್ಮನ್ನ ನಾನೇ ಕುಂಡ್ರಿಸ್ದೆ. ಅಷ್ಟು ಬರ್ದು ಸಹಿ ಆಕಿ. ಮಿಕ್ಕಿದ್ದು ಕೋರ್ಟಲ್ಲಿ ಯೋಳಿ."

ಈ ಸಲ ಮೇಷ್ಟ್ರ ಪೆನ್ನು ಓಡಲಿಲ್ಲ. "ನನ್ನ ಪಿಂಚಣಿ ಗತಿ ಏನ್ಲಾ?" ಅಂದರು. ಸ್ವಲ್ಪ ತಡೆದು, "ನಿನ್ನ ಆಟದ ಗತಿ ಏನು?" ಅಂದರು.

ರಾಮಮ್ಮ ಮಗನ ತೋಳು ಹಿಡಿದಳು. "ಬ್ಯಾಡ ಮಗ. ಇನ್ನೊಂದು ಕಾಗ್ದ ಮಾಡ್ಸು. ಓಗು, ಆಡೋಗು." ಅವನು ಅವಳ ಕೈಯನ್ನು ತೋಳಿನಿಂದ ಬಿಡಿಸಲಿಲ್ಲ, ಮೇಷ್ಟ್ರ ಮೇಲಿಂದ ಕಣ್ಣನ್ನೂ ತೆಗೆಯಲಿಲ್ಲ. ಮೇಷ್ಟ್ರು ಬಾಗಿಲಲ್ಲಿದ್ದ ಸೊಸೆಯನ್ನು ನೋಡಿದರು. ಪುಷ್ಪ ಕಾಫಿ ಲೋಟಗಳನ್ನು ಕೆಳಗಿಟ್ಟು, "ಬರೀರಿ ಮಾವ," ಅಂದಳು. ಅವಳಿಗೂ ಎರಡು ಮಕ್ಕಳಿದ್ದವು.

ಬರೆಯುವುದಕ್ಕೆ ತುಂಬ ಹೊತ್ತು ಹಿಡಿಯಿತು. ನಡುವೆ ರಂಗನ ಫೋನು ಹೊಡೆದುಕೊಂಡಿತು. ಏಜೆಂಟು.

"ಆಯ್ತಾ ಮಾರಾಯ್ರೆ? ಕಾಗದ ಸಿಕ್ಕಿತಾ?"

"ನೇಪಾಳದ ಹುಡುಗನ್ನೇ ತಗೊಳಿ," ಅಂದ ರಂಗ.

"ಎಂಥದು? ನೀವು ಮೊನ್ನೆ—"

ರಂಗ ಫೋನು ಕಟ್ ಮಾಡಿ ಜೇಬಿಗೆ ಹಾಕಿಕೊಂಡ. ಮೇಷ್ಟ್ರು ಬರೆಯುತ್ತಾ ಬರೆಯುತ್ತಾ ಒಂದು ಕಡೆ ನಿಂತರು. ತಲೆ ಎತ್ತದೆ ಕೇಳಿದರು.

"ತಮ್ಮನ ಎಸ್ರು ಏನಂತ ಬರೀಲಿ?"

ವರ್ಷಗಟ್ಟಲೆ ಪಾಠ ಹೇಳಿದವರು, ಚೆಂಡು ಕೊಟ್ಟವರು, ನೋಟ್‌ಬುಕ್ಕಿನ ತುಂಬ ಪೇಪರು ಅಂಟಿಸಿದವರು ಅದನ್ನು ಕೇಳಿದರು. ರಂಗನಿಗೆ ಆ ನೋಟ್‌ಬುಕ್ಕನ್ನು ಕಿತ್ತು ರಸ್ತೆಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ, ಅದರ ಕಡೆಯ ಹಾಳೆ ಬೇಕಾಗಿತ್ತು.

"ರಂಗಸ್ವಾಮಿ," ಅಂದಳು ರಾಮಮ್ಮ. "ಬುಡ್ಸಿ ಬರೀರಿ ಸಾ. ತಪ್ಪು ಮಾಡ್ಬ್ಯಾಡಿ."

ಸಹಿ ಬಿದ್ದ ಹಾಳೆಯನ್ನು ರಂಗ ಅಂಚಿಗೆ ಸರಿಯಾಗಿ ಹರಿದುಕೊಂಡು ಮಡಚಿ ಅಂಗಿಯ ಜೇಬಿಗಿಟ್ಟ. ಕಾಫಿ ಹಾಗೆಯೇ ಆರಿಹೋಗಿತ್ತು. ಮೇಷ್ಟ್ರು ಅಭ್ಯಾಸಬಲದಿಂದ ಎರಡೂ ಕಾಲನ್ನು ಕುರ್ಚಿಯಿಂದ ಕೆಳಗೆ ಇಳಿಬಿಟ್ಟು, ಒಂದಿಷ್ಟು ಮುಂದಕ್ಕೆ ಚಾಚಿಕೊಂಡು ಕೂತಿದ್ದರು. ರಂಗ ಆ ಕಾಲುಗಳನ್ನು ದಾಟಿಕೊಂಡು, ಅವ್ವನ ಕೈ ಹಿಡಿದು ಮೆಟ್ಟಿಲು ಇಳಿದ.